ಪಂಕ್ತಿಯಿಂದ ಎಬ್ಬಿಸಿದ ನವಿಲು

ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಎಂಬ್ರಾಯ್ಡರಿ ಯಂತ್ರದ ಮಗ್ಗುಲಿಗೆ, ಹೂವಿನ ಮುಸುಕು ಹೊದ್ದು ಒಂದು ಕಂಪ್ಯೂಟರ್ ಕುಳಿತಿದೆ. ಅದರ ಹೊಟ್ಟೆಯಲ್ಲಿ ಮೂರು ಕೋಣೆಗಳು. ಸಿ ಡ್ರೈವಿನಲ್ಲಿ ಅದರ ಸ್ವಂತ ಸಂಸಾರ. ಡಿಯಲ್ಲಿ ನನ್ನ ಹೆಂಡತಿ ಇಂದಿರಾ ಬಿಡಿಸಿದ ಎಂಬ್ರಾಯ್ಡರಿ ವಿನ್ಯಾಸಗಳು ಮತ್ತು ಅವನ್ನು ಬಿಡಿಸುವ ಸಾಫ್ಟ್‌ವೇರ್. ಇ ಡ್ರೈವಿನಲ್ಲಿ ನಾನೇ ಹಾಡಿ, ನಾನೇ ತುಂಬಿಸಿ, ನಾನೊಬ್ಬನೇ ಕೇಳುವ ದೇವರನಾಮಗಳು. ಓದುವ ಗೆಳೆಯರೇ, ನಿಮಗೆ ಇದರಲ್ಲಿ ತಪ್ಪೇನೂ ಕಾಣಲಿಕ್ಕಿಲ್ಲ. ನನಗೆ ಕಂಡಿತು.

ನಮ್ಮದು ವೈಷ್ಣವರ ಮನೆ. ಪಂಕ್ತಿಯಲ್ಲಿ ಯಾರ ಎಲೆ ಮೊದಲು, ಯಾರದು ನಂತರ ಎಂಬುದನ್ನು ಅನ್ನದ ರುಚಿಗಿಂತ ಮುಂಚೆ ಕಲಿತವರು ನಾವು. ಹಾನಗಲ್ಲಿನ ಒಂದು ಮುಂಜಿಯಲ್ಲಿ ನನ್ನನ್ನು ಮುಂದಿನ ಎಲೆಯಿಂದ ಎಬ್ಬಿಸಿ ಕೊನೆಗೆ ಕೂಡಿಸಿದರೆಂದು ಬಹಳ ವರ್ಷ ಆ ಊರಿನ ಬಸ್ಸನ್ನೇ ಹತ್ತದವನು ನಾನು. ಅಂಥವನ ಮನೆಯಲ್ಲಿ ದೇವರ ಹಾಡಿಗಿಂತ ಮೊದಲು ರವಿಕೆಯ ಬಳ್ಳಿಗಳು ಕುಳಿತರೆ ಹೇಗಾಗಬೇಡ? ದೇವರನ್ನು ನೆಪಕ್ಕೆ ಮುಂದೆ ಮಾಡಿದ್ದೇನೆ, ಕ್ಷಮಿಸಿ. ಉರಿದದ್ದು ಗಂಡನ ಹೊಟ್ಟೆ.

ಇಂದಿರಾ ಸಂತೆಗೆ ಹೋಗಿದ್ದಾಗ ಕೆಲಸಕ್ಕೆ ಕೈಹಾಕಿದೆ. ಅವಳ ಡಿಯನ್ನು ಎಬ್ಬಿಸಿ ಝಡ್ ಎಂಬ ಕಟ್ಟಕಡೆಯ ಎಲೆಗೆ ಕಳಿಸಿದೆ. ತೆರವಾದ ಜಾಗದಲ್ಲಿ ನನ್ನ ಹಾಡುಗಳನ್ನು ಕೂಡಿಸಿದೆ. ಅಕ್ಷರ ಬದಲಿಸಿದರೆ ಕೆಲವು ಪ್ರೋಗ್ರಾಂಗಳು ನಡೆಯಲಿಕ್ಕಿಲ್ಲ ಎಂದು ಕಂಪ್ಯೂಟರ್ ಎಚ್ಚರಿಸಿತು. ಹೆಂಡತಿಯ ಎಚ್ಚರಿಕೆಯನ್ನೇ ಕೇಳದವನು ಅದರದ್ದನ್ನು ಕೇಳಿಯೇನೆ?

ಸಂಜೆ ಅವಳ ಸಾಫ್ಟ್‌ವೇರ್ ತೆರೆಯಲಿಲ್ಲ. ಪರದೆಯ ಮೇಲಿನ ಚಿತ್ರ ಒತ್ತುವುದಷ್ಟೇ ಅವಳ ರೂಢಿ. ಅಕ್ಷರಗಳತ್ತ ಅವಳು ಎಂದೂ ನೋಡಿದವಳಲ್ಲ. ಪಂಕ್ತಿ ಇದ್ದದ್ದು ನನ್ನ ಕಣ್ಣಿನಲ್ಲಿ ಮಾತ್ರ! ವಸ್ತು ಮನೆಯಲ್ಲೇ ಇದ್ದರೂ, ಕರೆಯುವ ಹೆಸರು ತಪ್ಪಿದರೆ ಕರೆಯುವವರ ಪಾಲಿಗೆ ಅದು ಇಲ್ಲದಂತೆಯೇ. ಬಂಕಾಪುರದ ಮುಮ್ತಾಜಳ ಮಗಳ ಮದುವೆಯ ಓಢಣಿಗೆಂದು ಇಂದಿರಾ ಎಷ್ಟೋ ದಿನ ಕೂತು ಬಿಡಿಸಿದ್ದ ನವಿಲು ಹಾಗೆ ಇಲ್ಲವಾಯಿತು.

"ನಿನ್ನೆ ನಾನ ಏನೋ ಒತ್ತಿದ್ದೆ ನೋಡ್ರಿ. ನನ್ನ ಕೈಯಿಂದನ ಅಳಿಸಿ ಹೋತು," ಎಂದು ಅತ್ತಳು.

"ಕರೆಂಟಿಂದು ಏನರ ಆಗಿರಬೇಕು ಬಿಡು," ಎಂದೆ ನಾನು.

ಗುಟ್ಟಾಗಿ ಮೊದಲಿನಂತೆ ಮಾಡೋಣವೆಂದರೆ ಅವಳು ಕಂಪ್ಯೂಟರಿನ ಮುಂದಿನಿಂದ ಏಳಲೊಲ್ಲಳು. ಎದ್ದದ್ದು ಒಮ್ಮೆ, ಊಟ ಬಡಿಸಲು. ಆಗ ನಾನು ಎಲೆಯ ಮುಂದೆ ಕುಳಿತಿದ್ದೆ.

ಮರುದಿನ ಮುಮ್ತಾಜ್ ಬಂದು ಸುದ್ದಿ ಕೇಳಿ, "ಹೋಗ್ಲಿ ಬಿಡ್ರಿ ಕಾಕು, ನವಿಲಿಲ್ಲಂದ್ರ ನಿಕಾ ನಿಲ್ತದೇನು? ನಾಕು ಹೂವಾ ಹಾಕಿ ಕೊಡ್ರಿ," ಎಂದಳು.

"ಇಲ್ಲವ್ವಾ ಮುಮ್ತಾಜ್, ಬ್ಯಾರೆ ಕಡೆ ಮಾಡಿಸ್ಕೋ. ಇನ್ನ ನಾ ಈ ಡಬ್ಬಿ ಮುಟ್ಟೂದಿಲ್ಲ. ಯಂತ್ರಾನೂ ಮಾರಿಬಿಡ್ತೇನಿ."

ಆ ಮಾತಿಗೆ ನನ್ನ ಬಾಯಿ ತೆರೆಯಿತು. "ನವಿಲು ಎಲ್ಲೂ ಹೋಗಿಲ್ಲ. ನಾನ ಅದನ್ನ ಪಂಕ್ತಿಯಿಂದ ಎಬ್ಬಿಸಿ ಕಡೀಕ ಕೂಡಿಸೇನಿ," ಎಂದು ಎಲ್ಲವನ್ನೂ ಹೇಳಿದೆ.

"ಯಾ ಅಲ್ಲಾ! ಡಬ್ಬಿಯೊಳಗೂ ಊಟದ ಜಗಳಾ ತಂದ್ರೇನ್ರಿ ಕಾಕಾ?" ಮುಮ್ತಾಜ್ ಬಿದ್ದು ಬಿದ್ದು ನಕ್ಕಳು.

ಇಂದಿರಾ ನಗಲಿಲ್ಲ. ಅವಳೆದುರೇ ಅಕ್ಷರಗಳನ್ನು ಹಿಂದಿನಂತೆ ಮಾಡಿದೆ. ಪರದೆಯ ಮೇಲೆ ನವಿಲು ಗರಿ ಬಿಚ್ಚಿತು. ಅದನ್ನೊಮ್ಮೆ ನೋಡಿ, ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: "ನಿನ್ನೆ ನಾ ಅಳಕೋತ ಬಡಿಸಿದೆ. ನೀವು ಹೆಂಗ ಉಂಡ್ರಿ?"

ಗೆಳೆಯರೇ, ನಿಮಗೆ ಮಾತ್ರ ಹೇಳುತ್ತೇನೆ. ಚೆನ್ನಾಗಿಯೇ ಉಂಡಿದ್ದೆ. ಸಾರನ್ನು ಇನ್ನೊಮ್ಮೆ ಕೇಳಿ ಹಾಕಿಸಿಕೊಂಡಿದ್ದೆ.