ಚಿನ್ನುವಿನ ಎಂಜಲು, ನನ್ನ ಮಗಳ ಕಿವಿ

ಮೊದಲು ಬಂದದ್ದು ಬರೀ ಜ್ವರ. ನಾನು ಆಗ ಬಸುರಿ, ಎರಡು ತಿಂಗಳು ತುಂಬಿ ಮೂರರಲ್ಲಿ ಬಿದ್ದಿತ್ತು. ಬಿಸಿನೀರು ಕುಡಿ, ಹೊದ್ದುಕೊಂಡು ಮಲಗು ಎಂದರು ಮನೆಯವರು. ಕುಡಿದೆ. ಮಲಗಿದೆ. ನಾಲ್ಕನೇ ದಿನ ಕುತ್ತಿಗೆಯ ಎರಡೂ ಬದಿಗೆ ಗಂಟುಗಳು ಕೈಗೆ ಹತ್ತಿದವು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಿ ಮುಗಿಸುವಷ್ಟರಲ್ಲಿ ಕುರ್ಚಿ ಬೇಕಾಗುತ್ತಿತ್ತು.

ನಮ್ಮೂರು ರೋಣದ ಡಾಕ್ಟರು ರಕ್ತ ತೆಗೆಸಿ, ರಿಪೋರ್ಟ್ ನೋಡಿ, ಗದಗಿಗೆ ಹೋಗಿ ಎಂದರು. ಗದಗಿನ ಲೇಡಿ ಡಾಕ್ಟರು ಅದನ್ನು ಎರಡು ಸಲ ಓದಿದರು.

"ಮನಿಯಾಗ ಸಣ್ಣ ಕೂಸು ಐತೇನ್ರಿ?"

"ಐತ್ರಿ. ನಮ್ಮ ನಾದಿನಿ ಮಗ, ಎರಡ ವರ್ಷದಂವ. ಯಾಕ್ರಿ?"

"ಅವನ ಜೋಡಿ ಒಂದ ತಾಟಿನ್ಯಾಗ ಉಣ್ತೀರೇನು?"

ನನಗೆ ನಗು ಬಂತು. ಒಂದೇ ತಾಟು ಏನು ಬಂತು, ಒಂದೇ ತುತ್ತು ತಿನ್ನುತ್ತಿದ್ದೆವು!

ನಾದಿನಿ ರೇಣುಕಾಳನ್ನು ಯಾವಗಲ್ ಎಂಬ ಊರಿಗೆ ಕೊಟ್ಟಿದೆ. ಬಿ.ಎಡ್. ಪರೀಕ್ಷೆಗೆ ಓದಬೇಕೆಂದು ಮಗ ಚಿನ್ನುವನ್ನು ಮೂರು ತಿಂಗಳು ನಮ್ಮಲ್ಲಿ ಬಿಟ್ಟಿದ್ದಳು. ಅವನಿಗೆ ಒಂದು ಚಟ. ತಾನು ಅರ್ಧ ತಿಂದ ರೊಟ್ಟಿಯ ಚೂರನ್ನು ಬಾಯಿಂದ ತೆಗೆದು ನನ್ನ ಬಾಯಿಗಿಡುವುದು. ನಾನು ಮುಖ ತಿರುಗಿಸಿದರೆ ಅತ್ತೆ ಬಿಡುತ್ತಿರಲಿಲ್ಲ. "ತಿನ್ನವಾ ಶೈಲಾ, ಕೂಸಿನ ಎಂಜಲಕ್ಕ ಮೈಲಿಗಿ ಇಲ್ಲ. ಕೂಸಿನ ಬಾಯಾಗಿಂದು ತಿಂದ್ರ ಲಗೂನ ಉಡಿ ತುಂಬತೈತಿ." ಗಣಿತ ಕಲಿಸುವವಳು ಇದನ್ನು ನಂಬಿದಳೇ ಎಂದು ಕೇಳಬೇಡಿ. ಮದುವೆಯಾಗಿ ಆರು ವರ್ಷ ಬಸಿರಾಗದವಳು ಏನನ್ನಾದರೂ ನಂಬುತ್ತಾಳೆ. ನಾನೂ ತಿಂದೆ. ಖರೇನೇ ಬಸಿರಾದೆ. ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಆಮೇಲಂತೂ ಚಿನ್ನು ಉಗುಳಿದ್ದೆಲ್ಲ ಪ್ರಸಾದ.

ಡಾಕ್ಟರು ಕಾಗದದ ಮೇಲೆ ಮೂರು ಅಕ್ಷರ ಬರೆದರು. ಸಿಎಂವಿ. ಸೈಟೊಮೆಗಾಲೊವೈರಸ್. ಸಣ್ಣ ಮಕ್ಕಳ ಜೊಲ್ಲಿನಲ್ಲಿ, ಉಚ್ಚೆಯಲ್ಲಿ ಇರುತ್ತದಂತೆ. ಅವರಿಗೆ ಏನೂ ಆಗುವುದಿಲ್ಲ, ಆಡಿಕೊಂಡು ಇರುತ್ತಾರೆ. ದೊಡ್ಡವರಿಗೂ ಹೆಚ್ಚೆಂದರೆ ನಾಲ್ಕು ದಿನ ಜ್ವರ. ಬಹಳ ಮಂದಿಗೆ ಎಂದೋ ಬಂದು ಹೋಗಿರುತ್ತದೆ, ಗೊತ್ತೂ ಆಗಿರುವುದಿಲ್ಲ. ನನಗೆ ಬಂದದ್ದು ಈಗ, ಮೊದಲ ಸಲ, ಹೊಟ್ಟೆಯಲ್ಲಿ ಕೂಸು ಇದ್ದಾಗ.

"ಕೂಸಿಗೇನ ಆಗತೈತ್ರಿ?"

"ಎಲ್ಲಾ ಕೂಸಿಗೂ ದಾಟೂದಿಲ್ರಿ. ದಾಟಲಾರದ್ದ ಹೆಚ್ಚು. ದಾಟಿದ್ರ, ಕೆಲವಕ್ಕ ಮಿದುಳಿಗೆ ತ್ರಾಸ ಆಗಬಹುದು. ಕೆಲವಕ್ಕ ಕಿವಿ ಕೇಳಸೂದಿಲ್ಲ."

ಕಿವಿ ಕೇಳಿಸುವುದಿಲ್ಲ.

ಮಿದುಳು ಎಂದದ್ದು ನನ್ನ ತಲೆಗೇ ಹತ್ತಲಿಲ್ಲ. ಅದು ಯೋಚಿಸಲೂ ಆಗದಷ್ಟು ದೊಡ್ಡದು. ಕಿವಿ ಮಾತ್ರ ಹಿಡಿದುಕೊಂಡಿತು. ನಾನು ಕರೆಯುತ್ತೇನೆ, ಅದು ತಿರುಗುವುದಿಲ್ಲ. ರೋಣದ ಬಸ್ಸು ಹತ್ತಿದಾಗಿನಿಂದ ಇಳಿಯುವ ತನಕ ಕಣ್ಣ ಮುಂದೆ ಇದೊಂದೇ. ನನ್ನ ಗಂಡ ಬಸವರಾಜ ಪಕ್ಕದಲ್ಲಿ ಕೂತು ರಿಪೋರ್ಟಿನ ಕವರನ್ನು ಮಡಚುತ್ತಿದ್ದರು, ಬಿಚ್ಚುತ್ತಿದ್ದರು.

ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸ ಇಂದಿಗೂ ನನ್ನನ್ನು ಚುಚ್ಚುತ್ತದೆ. ಚಿನ್ನು "ಮಾಮಿ" ಎಂದು ಓಡಿ ಬಂದ. ನಾನು ಅವನನ್ನು ನೂಕಿದೆ. ಮೆಲ್ಲಗೆ ಸರಿಸಿದ್ದಲ್ಲ, ನೂಕಿದೆ. ಆಮೇಲೆ ರೇಣುಕಾಳಿಗೆ ಫೋನ್ ಹಚ್ಚಿದೆ.

"ನಿನ್ನ ಮಗನ್ನ ಈಗಿಂದೀಗ ಕರ್ಕೊಂಡ ಹೋಗು. ನನ್ನ ಕೂಸಿಗೆ ಏನರ ಆದ್ರ ನಿಮ್ಮವ್ವ, ನಿನ್ನ ಮಗ, ನೀನು, ಮೂರೂ ಮಂದಿ ಕಾರಣ."

ಮರುದಿನ ಮುಂಜಾನೆಯ ಬಸ್ಸಿಗೆ ರೇಣುಕಾ ಬಂದು, ಒಂದು ಕಪ್ ಚಹಾ ಸಹ ಕುಡಿಯದೆ, ಮಗನನ್ನು ಎತ್ತಿಕೊಂಡು ಹೋದಳು. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಾನು ಹೊರಗೆ ಬರಲಿಲ್ಲ.

ಹುಬ್ಬಳ್ಳಿಯ ದೊಡ್ಡ ಡಾಕ್ಟರು ಮಾತ್ರೆ ಬರೆದರು. ಮುಂಜಾನೆ ಎಂಟು, ಸಂಜೆ ಎಂಟು. ಎಂಟು ಗಂಟೆಗಲ್ಲ, ಎಂಟು ಮಾತ್ರೆ! ವೈರಸ್ಸು ಕೂಸಿಗೆ ದಾಟುವುದನ್ನು ಕಡಿಮೆ ಮಾಡಬಹುದು ಎಂದರು. ಬಹುದು. ಆ ತಿಂಗಳುಗಳಲ್ಲಿ ಡಾಕ್ಟರುಗಳ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ್ದು ಆ ಶಬ್ದವನ್ನೇ. ಕಿಡ್ನಿಗೆ ತೊಂದರೆಯಾಗದಿರಲಿ ಎಂದು ತಂಬಿಗೆಗಟ್ಟಲೆ ನೀರು, ಆಗಾಗ ರಕ್ತಪರೀಕ್ಷೆ. ಬಸಿರಿನ ವಾಂತಿ ಬೇರೆ. ನುಂಗಿದ್ದು ಮೇಲೆ ಬಂದರೆ ಅತ್ತೆ ಬೆನ್ನು ನೀವುತ್ತಿದ್ದರು, ನಾನು ಮಾತಾಡದೆ ನೀವಿಸಿಕೊಳ್ಳುತ್ತಿದ್ದೆ.

ಒಂದು ದಿನ ಅವರೇ ಹುಬ್ಬಳ್ಳಿಗೆ ಬರುತ್ತೇನೆಂದು ಹಟ ಹಿಡಿದರು. ಡಾಕ್ಟರ ಮುಂದೆ ಕೈಮುಗಿದು ನಿಂತರು.

"ಸಾಹೇಬ್ರ, ನಾನ ತಿನ್ನಿಸೇನ್ರಿ ಆ ಎಂಜಲಾ. ತಪ್ಪ ನಂದು. ಆಕಿಗೇನೂ ಅನಬ್ಯಾಡ್ರಿ."

ಡಾಕ್ಟರು ಅವರನ್ನು ಕೂರಿಸಿದರು. "ಅಜ್ಜಿ, ಯಾರದೂ ತಪ್ಪಿಲ್ರಿ. ಇದು ನಿಮಗ ಯಾರರ ಮೊದಲ ಹೇಳಿದ್ರೇನು? ಇಲ್ಲ ಹೌದಲ್ಲೋ? ಇನ್ನ ಮುಂದ ಬಸರ ಹೆಂಗಸರು ಕೂಸಿನ ಎಂಜಲ ತಿನಬಾರದು, ಮೂಗ ಒರಸಿದ್ರ, ಉಚ್ಚಿ ಬಳದ್ರ ಸಾಬೂನ ಹಚ್ಚಿ ಕೈ ತೊಳಿಬೇಕು. ಮುದ್ದ ಮಾಡಬೇಕಾದ್ರ ನೆತ್ತಿಗೆ ಮಾಡ್ರಿ, ಬಾಯಿಗೆ ಬ್ಯಾಡ. ಇಷ್ಟ ನಿಮ್ಮ ಓಣ್ಯಾಗ ಹೇಳ್ರಿ."

ಓಣಿಗೆ ಹೇಳುವ ಕೆಲಸ ಅತ್ತೆಗೆ ಕಲಿಸಬೇಕೇ? ವಾರದೊಳಗೆ ನಮ್ಮ ಓಣಿಯ ಬಸುರಿಯರೆಲ್ಲ ಕೈ ತೊಳೆದೂ ತೊಳೆದೂ ಸುಸ್ತಾದರು. ನಾನು ಬಹಳ ದಿನದ ಮೇಲೆ ನಕ್ಕದ್ದು ಆಗಲೇ.

ಐದು ತಿಂಗಳು ದಾಟಿದ ಮೇಲೆ, ವೈರಸ್ಸು ಕೂಸಿಗೆ ದಾಟಿದೆಯೇ ಎಂದು ನೋಡಲು, ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆದರು. ನೋವು ಅಷ್ಟೇನಿಲ್ಲ. ಹೆದರಿಕೆಯೇ ಹೆಚ್ಚು. ರಿಪೋರ್ಟ್ ಬರುವವರೆಗೆ ನಾನು ಬಡಬಡ ಮಾತಾಡುತ್ತಲೇ ಇದ್ದೆ, ಬಸವರಾಜ ಮಾತೇ ಆಡಲಿಲ್ಲ. ಒಬ್ಬೊಬ್ಬರಿಗೆ ಹೆದರಿಕೆ ಒಂದೊಂದು ಥರ. ಫೋನ್ ಬಂತು.

ನೆಗೆಟಿವ್.

ತಮ್ಮ ಅಂಗಡಿಯಿಂದ ಓಡಿ ಬಂದ ಬಸವರಾಜ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಳಗಳ ಅತ್ತರು. ನನಗೂ ಜೀವ ಹಗುರಾಯಿತು. ಆದರೆ ಪೂರ್ತಿ ಅಲ್ಲ. ಇದು ಮುಕ್ಕಾಲು ಪಾಲು ಸಿಹಿಸುದ್ದಿ, ಹುಟ್ಟಿದ ಮೇಲೆ ಕೂಸಿನ ಉಚ್ಚೆ ಪರೀಕ್ಷೆ ಮಾಡಿದರೇ ಖಚಿತ ಎಂದು ಡಾಕ್ಟರು ಹೇಳಿದ್ದರು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದರು. ರೇಣುಕಾ ಬರಲಿಲ್ಲ. ಒಂದು ಹಸಿರು ಖಣ ಕಳಿಸಿದ್ದಳು. ಫೋನ್ ಮಾಡಲೇ ಎಂದು ಕೈಗೆ ತೆಗೆದುಕೊಂಡೆ, ಇಟ್ಟೆ. ನನ್ನ ಸೊಕ್ಕು ಅಷ್ಟು ಸುಲಭಕ್ಕೆ ಮುರಿಯುವಂಥದ್ದಲ್ಲ.

ಗದಗಿನಲ್ಲಿ ಹೆರಿಗೆಯಾಯಿತು. ಹೆಣ್ಣು. ಅತ್ತ ದನಿ ಕೇಳಿ, "ತಾನು ಅತ್ತದ್ದು ಇದಕ್ಕೆ ಕೇಳಿಸಿತೇ" ಎಂದೇ ನನಗೆ ಮೊದಲು ಅನಿಸಿದ್ದು. ಎರಡನೇ ದಿನ ಮಲಗಿದ್ದ ಕೂಸಿನ ಕಿವಿಗೆ ಸಣ್ಣ ಯಂತ್ರ ಇಟ್ಟರು. ಬಲಗಿವಿ ಪಾಸ್. ಎಡಗಿವಿಗೆ ಯಂತ್ರ ಏನೂ ಹೇಳಲಿಲ್ಲ. ಕಿವಿಯಲ್ಲಿ ಹುಟ್ಟಿನ ನೀರು ಇರಬಹುದು, ನಾಳೆ ನೋಡೋಣ ಎಂದರು. ಆ ಒಂದು ದಿನ ನಾನು ಹೇಗೆ ಕಳೆದೆನೆಂದು ಬರೆಯಲಾರೆ. ಮರುದಿನ ಎಡಗಿವಿಯೂ ಪಾಸ್.

ಉಳಿದದ್ದು ಉಚ್ಚೆ. ನರ್ಸ್ ಒಂದು ಸಣ್ಣ ಚೀಲ ಅಂಟಿಸಿದರು. ಇಡೀ ದಿನ ನಮ್ಮನ್ನು ಒದ್ದೆ ಮಾಡುವ ಮಹಾರಾಣಿ ಚೀಲ ಕಂಡೊಡನೆ ಬಿಗಿಹಿಡಿದಳು. ಚೀಲ ಬಿಚ್ಚಿದ್ದೇ ತಡ, ನನ್ನವ್ವನ ಇಳಕಲ್ ಸೀರೆಯ ಮೇಲೆ ಹೊಯ್ದಳು. "ಈ ಸೀರಿನ ಲ್ಯಾಬಿಗೆ ಕಳಸ್ರಿ" ಎಂದಳು ಅವ್ವ. ಮೂರನೇ ಚೀಲಕ್ಕೆ ಕೆಲಸವಾಯಿತು.

ಬಾಣಂತನಕ್ಕೆ ತವರಿಗೆ, ಗಜೇಂದ್ರಗಡಕ್ಕೆ ಹೋದೆ. ಹನ್ನೊಂದನೇ ದಿನ ಮೊಬೈಲಿಗೆ ರಿಪೋರ್ಟ್ ಬಂತು. ಕೂಸಿಗೆ ಸಿಎಂವಿ ಇಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ಮೂರು ಸಲ ಕೇಳಿದೆ. ಮೂರು ಸಲವೂ ಅವರು ಬೇಸರಿಸದೆ "ಇಲ್ಲವಾ, ಇಲ್ಲ" ಎಂದರು. ಅವರ ಋಣ ದೊಡ್ಡದು.

ಫೋನ್ ಇನ್ನೂ ಕೈಯಲ್ಲೇ ಇತ್ತು. ರೇಣುಕಾಳ ನಂಬರು ಒತ್ತಿದೆ.

"ನಾಡದ ತೊಟ್ಲದಾಗ ಹಾಕ್ತೀವಿ. ಹೆಸರ ಕೂಗಾಕಿ ಸೋದರತ್ತಿ ನೀನು. ನೀ ಬರದಿದ್ರ ನನ್ನ ಮಗಳಿಗೆ ಹೆಸರ ಇಲ್ಲ. ಚಿನ್ನೂನೂ ಕರ್ಕೊಂಡ ಬಾ. ನಾ ಅಂದದ್ದು ತಪ್ಪಾತವಾ, ಭಾಳ ತಪ್ಪಾತು."

ಆ ಕಡೆ ಅಳು. ಈ ಕಡೆಯೂ.

ಹದಿಮೂರನೇ ದಿನ ಬಂದಳು, ಸೊರಗಿದ್ದಳು. ಸಿಎಂವಿ ಬಗ್ಗೆ ನನಗಿಂತ ಹೆಚ್ಚು ಓದಿಕೊಂಡಿದ್ದಳು. ಚಿನ್ನು ಕೈ ತೊಳೆದುಕೊಂಡು ಬಂದು, ತನ್ನವ್ವ ಹೇಳಿಕೊಟ್ಟಂತೆ ದೂರದಿಂದಲೇ ಕೂಸನ್ನು ನೋಡಿದ. ನಾನು ಅವನನ್ನು ಎಳೆದು ಅಪ್ಪಿಕೊಂಡೆ, ನೆತ್ತಿಗೆ ಮುದ್ದು ಕೊಟ್ಟೆ. ಮಗಳನ್ನು ತೊಟ್ಟಿಲಲ್ಲಿ ಮಲಗಿಸಿದರು. ರೇಣುಕಾ ಬಾಗಿದಳು. ಪದ್ಧತಿಯಂತೆ ಹೆಸರು ಕೂಗುವವಳ ಬೆನ್ನಿಗೆ ಗುದ್ದಲು ಹೆಂಗಸರೆಲ್ಲ ಮುಷ್ಟಿ ಎತ್ತಿ ಸುತ್ತ ನಿಂತಿದ್ದರು. ಆಕೆ ಕೂಸಿನ ಕಿವಿಗೆ ಬಾಯಿ ಹಚ್ಚಿ ಕೂಗಿದಳು: "ಕುರ್‍ರ್‍ರ್... ಸಾನ್ವಿ!"

ಮಲಗಿದ್ದ ಮಗಳು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದಳು. ಕಣ್ಣು ಬಿಟ್ಟಳು. ಆಮೇಲೆ ಮನೆ ಹಾರಿಹೋಗುವಂತೆ ಅತ್ತಳು.

ಬೆನ್ನಿಗೆ ಧಬಧಬ ಬೀಳುತ್ತಿದ್ದ ಗುದ್ದುಗಳ ನಡುವೆಯೇ ರೇಣುಕಾ ತಲೆ ಎತ್ತಿ ಕೂಗಿದಳು. "ಬೆಚ್ಚಿದ್ಲು ನೋಡ್ರಿ ವೈನಿ! ಕೇಳಸ್ತು ಆಕಿಗೆ!"

ಕೇಳುತ್ತದೆ ಎಂದು ಯಂತ್ರ ಹೇಳಿತ್ತು, ರಿಪೋರ್ಟ್ ಹೇಳಿತ್ತು, ಡಾಕ್ಟರು ಮೂರು ಸಲ ಹೇಳಿದ್ದರು. ನಾನು ನಂಬಿದ್ದು ಆಗ.

"ಇನ್ನೊಂದ ಸಲ ಕೂಗ ರೇಣುಕಾ" ಎಂದೆ. "ಆ ಕಿವ್ಯಾಗೂ ಕೂಗು."