ಸಿದ್ದಬಸಪ್ಪನವರ ಅಟ್ಟದ ಕೆಳಗೆ ಹನ್ನೊಂದು ವರ್ಷ

ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮೀನಾಕ್ಷಿ, ಕೊಬ್ಬರಿ ವ್ಯಾಪಾರಿ ಸಿದ್ದಬಸಪ್ಪನವರ ಮನೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದರು. ಅಡುಗೆಮನೆಯ ಮೇಲಿನ ಅಟ್ಟ ಮಾತ್ರ ಮಾಲೀಕರದು. ಅಲ್ಲಿ ತೆಂಗಿನಕಾಯಿ ಸುಮಾರು ಒಂದು ವರ್ಷ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಅದಕ್ಕಾಗಿ ಕೆಳಗೆ ದಿನವೂ ಸೌದೆ ಒಲೆ ಉರಿಯಬೇಕು. ಇದು ಬಾಯಿಮಾತಿನ ಕರಾರು. ಗ್ಯಾಸ್ ಬಂದ ಮೇಲೂ ಮೀನಾಕ್ಷಿ ಅದನ್ನು ಮುರಿಯಲಿಲ್ಲ. ಅನ್ನ ಗ್ಯಾಸಿನ ಮೇಲೆ ಬೇಯುತ್ತಿತ್ತು. ಪಕ್ಕದ ಒಲೆ, ಮೇಲೆ ಪಾತ್ರೆಯೇ ಇಲ್ಲದೆ, ಬೆಳಿಗ್ಗೆ ಒಂದು ಗಂಟೆ ಉರಿಯುತ್ತಿತ್ತು.

೧೯೯೮ರಲ್ಲಿ ಬಾಣಾವರದಲ್ಲಿ ಅವರ ಸ್ವಂತ ಮನೆ ಮುಗಿಯಿತು. ಆಷಾಢ ಹುಟ್ಟುವ ಮೊದಲು ಅಲ್ಲಿ ಹಾಲುಕ್ಕಿಸಬೇಕೆಂದು ಅತ್ತೆಯ ಹಟ. ಬಾಡಿಗೆ ಮನೆ ಬಿಡುವುದಾಗಿ ಮೀನಾಕ್ಷಿ ಎರಡು ತಿಂಗಳು ಮುಂಚೆಯೇ ಬರೆದು ತಿಳಿಸಿದ್ದರು. ಮೊಳೆ ಕಿತ್ತ ತೂತು ಮುಚ್ಚಿಸಿ, ಸುಣ್ಣ ಹೊಡೆಸಿ, ಕರೆಂಟ್ ಬಿಲ್ಲಿನ ರಸೀದಿ ಜೋಡಿಸಿಟ್ಟರು. ಆಷಾಢಕ್ಕೆ ಎರಡೇ ದಿನವಿದ್ದಾಗ, ಸಾಮಾನು ಲಾರಿಗೇರಿದ ಮೇಲೆ, ಬೀಗದ ಕೈ ಕೊಡಲು ಹೋದರು. ಸಿದ್ದಬಸಪ್ಪ ಕೈ ಚಾಚಲಿಲ್ಲ.

“ಮನೇಲಿ ಏನೂ ತಪ್ಪಿಲ್ಲ ಮೇಡಂ. ಕಾಯಿ ಇನ್ನೂ ಆಗಿಲ್ಲ. ಒಲೆ ಹಚ್ಚೋರು ಯಾರು?”

“ಯಾವಾಗ ಆಗ್ತವೆ ಯಜಮಾನ್ರೇ?”

“ಅಲ್ಲಾಡ್ಸಿದ್ರೆ ಒಳಗೆ ಸದ್ದು ಬರ್ಬೇಕು. ಯುಗಾದಿಯಿಂದ ನೋಡ್ತಾ ಇವ್ನಿ, ಒಂದೂ ಉಸಿರೆತ್ತಿಲ್ಲ. ಶ್ರಾವಣದವರ್ಗೂ ಇದ್ಬಿಡಿ.”

ಮೀನಾಕ್ಷಿ ಏಣಿ ಹತ್ತಿ ಒಂದು ಕಾಯಿ ತಂದು ಅಲ್ಲಾಡಿಸಿದರು. ಲೊಟಲೊಟ ಎಂದು ಅಂಗಳಕ್ಕೆಲ್ಲ ಕೇಳಿಸಿತು. ಸಿದ್ದಬಸಪ್ಪ ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಗಂಭೀರವಾಗಿ ಅಲ್ಲಾಡಿಸಿದರು.

“ಎಲ್ಲಿ? ತೆಪ್ಪಗೈತೆ.”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ದ್ರಾಕ್ಷಾಯಣಿ ಹೇಳಿದರು: “ಕಾಯಿ ಆಗೈತೆ ಕಣ್ರೀ. ಕಿವಿ ಹೋಗೈತೆ.”

“ಏನಂದೆ?”

“ಅದನ್ನೇ ಅಂದೆ.”

ನಲವತ್ತು ವರ್ಷ ಕಿವಿಯಿಂದಲೇ ವ್ಯಾಪಾರ ಮಾಡಿದವರು ಸಿದ್ದಬಸಪ್ಪ. ಹೆಂಡತಿ ಮೂರನೆಯ ಸಲ ಕೂಗಿ ಹೇಳಿದರೂ ಒಪ್ಪಲಿಲ್ಲ. ಮೀನಾಕ್ಷಿ ವಾದಕ್ಕಿಳಿಯದೆ ಮಚ್ಚು ಕೇಳಿದರು. ದ್ರಾಕ್ಷಾಯಣಿ ಸಿಪ್ಪೆ ಸುಲಿದು ಚಿಪ್ಪು ಒಡೆದಾಗ ಕೊಬ್ಬರಿ ಇಡಿಯಾಗಿ ಉರುಳಿ ಬಂತು.

“ಇದೊಂದು ಆಗಿರ್ಬೋದು,” ಎಂದರು ಸಿದ್ದಬಸಪ್ಪ.

ಇನ್ನೊಂದು ತಂದರು. ಮತ್ತೊಂದು. ಬೀದಿಯಲ್ಲಿ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಮನೆಯ ಯಜಮಾನರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಒಂಬತ್ತನೆಯ ಉಂಡೆಯನ್ನು ಅವರು ಉಗುರಿನಿಂದ ಒತ್ತಿ, ಮೂಸಿ, ಮಡಿಲಲ್ಲಿಟ್ಟುಕೊಂಡರು. ಆಮೇಲೆ ಅಂಗೈ ಬಿಡಿಸಿದರು. ಮೀನಾಕ್ಷಿ ಬೀಗದ ಕೈ ಇಟ್ಟರು.

ಸಿದ್ದಬಸಪ್ಪ ಲಾರಿಯವರೆಗೂ ಬಂದು, ಬಗ್ಗಿ, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಹೇಳಿದರು: “ಕಿವಿ ವಿಷಯ ಕೊಬ್ಬರಿ ಮಂಡಿಯೋರ್ಗೆ ಗೊತ್ತಾಗ್ಬಾರ್ದು ಮೇಡಂ.”

ಲಾರಿಯವನು, ಹಮಾಲರು, ಎದುರು ಮನೆಯ ಜಗಲಿಯಲ್ಲಿದ್ದವರು, ಎಲ್ಲರೂ ಆಗಲಿ ಎಂದು ತಲೆಯಾಡಿಸಿದರು.