ಜಾಂಬೋಟಿ ಗುಡ್ಡದ ಮೇಲೆ ಗಿಡುಗಗಳು ಬಂದ ಹೊತ್ತು

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದ ಮೇಲಿನ ಭಾನುವಾರ. ನನ್ನ ತಮ್ಮ ಈರಣ್ಣ ಬೆಳಿಗ್ಗೆ ಬೇಗ ಮಹಾಂತೇಶ ನಗರದ ನಮ್ಮ ಮನೆಗೆ ಬಂದು, "ಅಕ್ಕಾ, ಗಾಳಿ ತಿರುಗೇತಿ. ಇವತ್ತ ಹಕ್ಕಿ ದಂಡು ಬರೂದು ಗ್ಯಾರಂಟಿ. ನಡಿ ಹೋಗೂಣು" ಎಂದು ಅವಸರ ಮಾಡಿದ.

ಬೆಳಗಾವಿಯ ಪೇಟೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ ಇತ್ತು. ವಾರವಿಡೀ ಜನರ ಕಣ್ಣು ನೋಡುವವನು ಭಾನುವಾರ ಬಂದರೆ ಆಕಾಶ ನೋಡಲು ಹೋಗುತ್ತಿದ್ದ. ಚಳಿಗಾಲಕ್ಕೆ ನಮ್ಮ ಬಯಲುಸೀಮೆಗೆ ಬಂದ ಗಿಡುಗ, ಚಾಣ, ಹದ್ದುಗಳು ಬಿಸಿಲು ಏರುತ್ತಿದ್ದಂತೆ ಉತ್ತರಕ್ಕೆ ಮರಳುತ್ತವೆ. ಅವು ಹಾದುಹೋಗುವಾಗ ಖಾನಾಪುರ ತಾಲ್ಲೂಕಿನ ಗುಡ್ಡವೊಂದರ ನೆತ್ತಿಯಲ್ಲಿ ಕೂತು ಎಣಿಸಿ, ಎಷ್ಟು ಕಂಡವೆಂದು ಹಕ್ಕಿ ನೋಡುವ ಗೆಳೆಯರಿಗೆ ತಿಳಿಸುವುದು ಅವನ ಹುಚ್ಚು. ಅವನ ಹೆಂಡತಿ ಗಂಗಾಗೆ ಬಿಸಿಲು ಆಗದು. ಹಾಗಾಗಿ ಜೊತೆಗೆ ನಾನು ಹೋಗುತ್ತಿದ್ದೆ. ಹೊಲಿಗೆ ಕ್ಲಾಸು ನಡೆಸುವ ನನಗೆ ಹಕ್ಕಿಗಳ ಗಂಧಗಾಳಿಯೂ ಇರಲಿಲ್ಲ. ತಮ್ಮನ ಜೊತೆ ಅರ್ಧ ದಿನ ಕಳೆಯುವುದೇ ನನಗೆ ಖುಷಿ.

ಪೀರನವಾಡಿಯಲ್ಲಿ ಚಹಾ ಕುಡಿದು, ಜಾಂಬೋಟಿ ರಸ್ತೆ ಹಿಡಿದು, ಗುಡ್ಡದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ ಮೇಲೆ ಹತ್ತಿದೆವು. ಹತ್ತುವಾಗ ಅವನು ಎರಡು ಸಲ ಕೂತ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ; ನಾನೂ ಏದುಸಿರು ಬಿಡುತ್ತಿದ್ದೆ.

ಬಿಸಿಲು ನೆತ್ತಿಗೆ ಬಂದರೂ ಆಕಾಶ ಖಾಲಿ. ರೊಟ್ಟಿ ಬಿಚ್ಚಿದರೆ ಅವನು ಬೇಡವೆಂದ.

"ಯಾಕೋ ಎದಿ ಹಿಡಿದಂಗ ಆಗೇತಿ. ಪಿತ್ತ ಇರಬೇಕು."

ಮುಖ ನೋಡಿದೆ. ಬೆವರು ಇಳಿಯುತ್ತಿತ್ತು, ತುಟಿ ಬೆಳ್ಳಗಾಗಿತ್ತು. "ಏಳ, ಮನಿಗೆ ಹೋಗೂಣು" ಎಂದೆ. "ತಡಿ ಅಕ್ಕಾ, ಬಿಸಿಲು ಕಾದ ಮ್ಯಾಲೇ ಅವು ಬರೂದು" ಎಂದವನು ಹಾಗೇ ಬಂಡೆಗೆ ಒರಗಿದ. ಆಮೇಲೆ ಏಳಲು ಹೋದರೂ ಅವನಿಂದ ಆಗಲಿಲ್ಲ.

ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ನಾನು ಕೂಗಿಕೊಂಡೆ. ಇಳಿಜಾರಿನಲ್ಲಿ ಎಮ್ಮೆ ಮೇಯಿಸುತ್ತಿದ್ದ ಗೌಳಿ ಹೆಂಗಸೊಬ್ಬಳು ಕೋಲೂರಿಕೊಂಡು ಮೇಲೆ ಬಂದಳು. ವಯಸ್ಸಾದವಳು. ಈರಣ್ಣನನ್ನು ನೋಡಿದವಳೇ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು:

"ಘಾಬರೂ ನಕೋ ಬಾಯಿ, ಅಂಜಬ್ಯಾಡ. ಕೆಳಗ ರಸ್ತಾಕ್ಕ ಹೋಗ, ಮಂದಿನ ಕರಕೊಂಡ ಬಾ. ನನ್ನ ಕಾಲು ಜಲ್ದಿ ಓಡೂದಿಲ್ಲ. ನಾ ಇವನ ಬಾಜು ಕುಂದರ್ತೀನಿ."

ಗುರುತಿಲ್ಲದವಳ ಕೈಗೆ ತಮ್ಮನನ್ನು ಒಪ್ಪಿಸಿ ಹೇಗೆ ಹೋಗಲಿ? ಈರಣ್ಣ ಕಣ್ಣು ತೆರೆದು, "ಹೋಗಕ್ಕಾ" ಎಂದ. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಹೇಗೆ ಇಳಿದೆನೋ ಗೊತ್ತಿಲ್ಲ. ಚಪ್ಪಲಿ ಎಲ್ಲೋ ಉಳಿಯಿತು. ರಸ್ತೆಯಲ್ಲಿ ಎರಡು ಕಾರು ನಿಲ್ಲದೆ ಹೋದವು. ಕೊನೆಗೆ ಹಾಲಿನ ಟೆಂಪೊದವನು ನಿಲ್ಲಿಸಿ, ಹತ್ತಿರದ ಗೌಳಿ ವಾಡಿಯ ಗುಡಿಸಲುಗಳಿಂದ ಇಬ್ಬರನ್ನು ಕರೆದು, ಹೊತ್ತು ತರಲು ಒಂದು ಕಂಬಳಿ ಹಿಡಿದು ನನ್ನ ಹಿಂದೆ ಹೊರಟ.

ಅರ್ಧ ಗುಡ್ಡ ಹತ್ತಿದಾಗ, ನನ್ನನ್ನು ದಾಟಿ ಮುಂದೆ ಹೋಗಿದ್ದ ಟೆಂಪೊದವನು ಗಕ್ಕನೆ ನಿಂತುಬಿಟ್ಟ. "ಮ್ಯಾಲ ನೋಡ್ರಿ" ಎಂದ.

ನೆತ್ತಿಯ ಮೇಲೆ ಆಕಾಶ ತುಂಬ ಹಕ್ಕಿಗಳು. ಸುಳಿಗಾಳಿಗೆ ಸಿಕ್ಕ ಒಣ ಎಲೆಗಳ ಹಾಗೆ ಸುತ್ತುತ್ತ ಸುತ್ತುತ್ತ ಮೇಲೇರಿ, ಅಲ್ಲಿಂದ ರೆಕ್ಕೆ ಬಡಿಯದೆ ಉತ್ತರಕ್ಕೆ ಜಾರುತ್ತಿದ್ದವು. ಅಷ್ಟೊಂದು ಗಿಡುಗಗಳನ್ನು ಒಟ್ಟಿಗೆ ನಾನು ಎಂದೂ ಕಂಡಿರಲಿಲ್ಲ. ಈರಣ್ಣನೂ ಕಂಡಿರಲಿಕ್ಕಿಲ್ಲ.

"ಹೆಣದ ವಾಸನಿಗೆ ಬಂದಾವೇನ್ರೋ ಇವು?" ಎಂದ ಇನ್ನೊಬ್ಬ, ಮೆಲ್ಲಗೆ.

"ಅಲ್ರೀ, ಅವು ತಮ್ಮ ಊರಿಗೆ ಹೊಂಟಾವ" ಎಂದು ಹೇಳಿ ಅವರನ್ನು ದಾಟಿ ಮೇಲೆ ಹತ್ತತೊಡಗಿದೆ. ಆ ಹೊತ್ತಿಗೆ ಮೇಲಿನಿಂದ ಆ ಹೆಂಗಸಿನ ಕೂಗು ಕೇಳಿಸಿತು. "ಹೈ! ಹೈ! ಹೋಗ್ರಿ!" ಅವಳು ಎದ್ದು ನಿಂತು, ಕೋಲಿಗೆ ತನ್ನ ಕಂಬಳಿ ಸಿಕ್ಕಿಸಿ ಆಕಾಶಕ್ಕೆ ಬೀಸುತ್ತಿದ್ದಳು.

ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈರಣ್ಣನ ತಲೆಯ ಕೆಳಗೆ ಅವಳು ಬುತ್ತಿ ಕಟ್ಟಿ ತಂದಿದ್ದ ಹಳೆ ಸೀರೆಯ ಗಂಟೊಂದು ಇತ್ತು. ಕಣ್ಣು ಮುಚ್ಚಿದ್ದವು, ಅವಳೇ ಮುಚ್ಚಿದ್ದಳು. ನಾನು ಅವನ ಎದೆಯ ಮೇಲೆ ಬಿದ್ದು ಅಳುವಾಗ ಅವಳು ನನ್ನ ಬೆನ್ನು ಸವರುತ್ತ ಹೇಳಿದಳು:

"ನೀರು ಕುಡಿಸಿದೆ ಬಾಯಿ, ಎರಡು ಗುಟುಕು ಕುಡದಾ. ಆಮ್ಯಾಲ ಈ ಹಾಳ ಹಕ್ಕಿ ಬಂದ್ವು. ಬೆರಳ ಎತ್ತಿ ಒಂದೊಂದಾಗಿ ತೋರಸ್ತಿದ್ದ, ಏನೋ ಅಂತಿದ್ದ, ನನಗ ತಿಳೀಲಿಲ್ಲ. ಅವಕ್ಕ ಅಂಜ್ಯಾನ ಅನಿಸ್ತು. ಅದಕ್ಕ ಓಡಿಸಾಕ ಎದ್ದೆ. ತಿರುಗಿ ನೋಡೂದ್ರಾಗ..."

ನನ್ನ ಅಳು ಅಲ್ಲಿಗೇ ನಿಂತುಹೋಯಿತು. ಈರಣ್ಣ ಅಂಜಿರಲಿಲ್ಲ. ಅವನು ಎಣಿಸುತ್ತಿದ್ದ.

ಅವಳಿಗೆ ಹೇಳಲು ಬಾಯಿ ತೆರೆದೆ. ಆದರೆ ಅವಳ ಒಂದು ಕೈಯಲ್ಲಿ ಕಂಬಳಿ ಸಿಕ್ಕಿಸಿದ ಕೋಲು ಇನ್ನೂ ಹಾಗೇ ಇತ್ತು. ನನ್ನ ತಮ್ಮನನ್ನು ಉಳಿಸಿಕೊಳ್ಳಲು ಅಷ್ಟು ದೊಡ್ಡ ಆಕಾಶದ ಜೊತೆ ಜಗಳಕ್ಕೆ ನಿಂತವಳು ಅವಳು. "ಛಲೋ ಮಾಡಿದಿ ಅವ್ವಾ" ಎಂದಷ್ಟೇ ಹೇಳಿ ಆ ಕೈ ಹಿಡಿದುಕೊಂಡೆ.

ಮನೆಯಲ್ಲಿ ಗಂಗಾ ಕೇಳಿದ್ದು ಒಂದೇ ಮಾತು. "ಅವರನ್ನ ಬಿಟ್ಟು ಹೆಂಗ ಇಳದ್ರಿ ಅಕ್ಕಾರ?" ಕ್ರಿಯಾಕರ್ಮ ಮುಗಿದ ಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಒಂದೇ ಊರು, ಎರಡೇ ಓಣಿ ದೂರ. ಮಾರ್ಕೆಟ್ಟಿನಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಮರುವರ್ಷ ಯುಗಾದಿಯ ನಂತರ ಒಂದು ದಿನ ಅವಳೇ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. "ನನಗ ಆ ಜಾಗಾ ತೋರಸ್ರಿ" ಎಂದಳು.

ಇಬ್ಬರೂ ಜಾಂಬೋಟಿ ಬಸ್ಸು ಹತ್ತಿದೆವು. ವಾಡಿಯಲ್ಲಿ ವಿಚಾರಿಸಿದರೆ ಆ ಹೆಂಗಸು ಸಿಕ್ಕಳು. ಹೆಸರು ಭಾಗೂಬಾಯಿ ಎಂದು ಅಂದೇ ತಿಳಿದದ್ದು. ಅಂಗಳದಲ್ಲಿ ಕಂಬಳಿ ಹಾಸಿ ನಮ್ಮನ್ನು ಕೂರಿಸಿದಳು.

"ಭಾಳ ನೋವಾಗಿತ್ತೇನ್ರಿ ಅವರಿಗೆ?" ಗಂಗಾ ಕೇಳಿದಳು.

ಭಾಗೂಬಾಯಿ ಸುಳ್ಳು ಹೇಳಲಿಲ್ಲ. "ಆಗಿತ್ತವ್ವಾ" ಎಂದಳು. ಆಮೇಲೆ ತನ್ನ ತೊಡೆ ತಟ್ಟಿ ತೋರಿಸಿ, "ತಲಿ ಇಲ್ಲಿ ಇಟ್ಟಿದ್ದ. ಮಗನಂಗ" ಎಂದಳು.

ಗಂಗಾ ಕೈ ಚಾಚಿ ಅವಳ ತೊಡೆಯ ಮೇಲೆ ಅಂಗೈ ಊರಿದಳು. ಎಷ್ಟೋ ಹೊತ್ತು ತೆಗೆಯಲಿಲ್ಲ. ಗುಡ್ಡ ಹತ್ತುವ ಮಾತನ್ನು ಅವಳು ಮತ್ತೆ ಎತ್ತಲೇ ಇಲ್ಲ.

ಗಂಗಾ ಈಗ ನನ್ನ ಜೊತೆ ಮಾತಾಡುತ್ತಾಳೆ, ಬೇಕಾದಷ್ಟು, ಅಷ್ಟೇ. ಹಳೆಯ ಸಲಿಗೆ ಬರಲಿಕ್ಕಿಲ್ಲ. ಇಳಿದು ಹೋದದ್ದು ಸರಿಯೋ ತಪ್ಪೋ ನನಗೆ ಇಂದಿಗೂ ಬಗೆಹರಿದಿಲ್ಲ. ಬೇಸಿಗೆ ಬಂದು, ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ, ತಲೆಯ ಮೇಲೆ ಗಿಡುಗವೊಂದು ಹಾದುಹೋದರೆ ನೋಡುತ್ತ ನಿಲ್ಲುತ್ತೇನೆ. ಆ ದಿನ ಎಣಿಸುತ್ತ ಈರಣ್ಣ ಎಷ್ಟನೆಯ ಹಕ್ಕಿಯವರೆಗೆ ಬಂದಿದ್ದನೋ ಗೊತ್ತಿಲ್ಲ; ಎಲ್ಲಿಂದ ಮುಂದುವರಿಸಲಿ? ಅದಕ್ಕೇ ನಾನು ಎಣಿಸಲು ಹೋಗುವುದಿಲ್ಲ.